ಬೀಸುವ ಕಲ್ಲೂ ಗಿಟಾರೂ

ಹೋದ ವರ್ಷ ಹತ್ತನೇ ತರಗತಿಗೆ ಇಂಗ್ಲಿಷ್ ನುಡಿಗಟ್ಟುಗಳ ಪಾಠ ಮಾಡುತ್ತಿದ್ದೆ. ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಎಂದರೆ ನಮ್ಮಲ್ಲಿ ಯಾರೂ ಎಣ್ಣೆ ಬಾಟಲಿ ಹುಡುಕುವುದಿಲ್ಲವಲ್ಲ, ಇಂಗ್ಲಿಷಿನಲ್ಲೂ ಹಾಗೇ, ಪದದ ಅರ್ಥ ಒಂದಾದರೆ ಮಾತಿನ ಅರ್ಥ ಇನ್ನೊಂದು ಎಂದು ವಿವರಿಸಿ, “ನಿಮಗೆ ಗೊತ್ತಿರೋ ಒಂದೊಂದು ಹೇಳಿ ನೋಡೋಣ” ಎಂದೆ. ಗೈಡಿನಲ್ಲಿ ಇದ್ದ ನಾಲ್ಕಾರು ಬಂದವು. ಆಮೇಲೆ ಕೊನೆಯ ಬೆಂಚಿನಿಂದ, ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಲೂಸಿಂಗ್ ಮೈ ರಿಲಿಜನ್ ಅಂದ್ರೆ ಮತಾಂತರ ಆಗೋದಾ?” ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬಂದಿರುತ್ತದೆ. ಗೊತ್ತಿಲ್ಲ ಎನ್ನದೆ, “ನಾಳೆ ಹೇಳ್ತೀನಿ, ಕೂತ್ಕೋ” ಎನ್ನುವ ವಿದ್ಯೆ. ಅದನ್ನೇ ಪ್ರಯೋಗಿಸಿದೆ.

ಸಂಜೆ ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಮಾಡಿದೆ. ಅವಳು ನಕ್ಕುಬಿಟ್ಟಳು. “ಅಯ್ಯೋ ಅಮ್ಮಾ, ಅದು ಹಾಡು. ಅದೂ ನಮ್ಮ ಕಾಲದ್ದಲ್ಲ, ನಿನ್ನ ಕಾಲದ್ದು!” ಎಂದಳು. ಆಲ್ಟರ್ನೇಟಿವ್ ರಾಕ್ ಎಂಬ ಜಾತಿಯದಂತೆ. ಅದರ ಜೊತೆಗೆ ಇನ್ನೂ ನಾಲ್ಕಾರು ಹಾಡುಗಳನ್ನು ನನ್ನ ಮೊಬೈಲಿಗೆ ಕಳಿಸಿ, “ಕೇಳು, ಆದರೆ ವಾಲ್ಯೂಮ್ ಕಡಿಮೆ ಇಟ್ಕೋ, ಅಪ್ಪ ಹೆದರಿಕೊಂಡಾರು” ಎಂದು ಎಚ್ಚರಿಸಿದಳು. ಆ ವಾರ ಅವರೆಕಾಯಿ ಸುಲಿಯುತ್ತ ಅವನ್ನೆಲ್ಲ ಕೇಳಿದೆ. ಹಾಡು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವುಗಳ ಹಿಂದಿನ ಕಥೆಗಳನ್ನು ಓದುತ್ತ ಹೋದಾಗ ಮಾತ್ರ ಸುಲಿದ ಕಾಳು ಬಟ್ಟಲಲ್ಲೇ ಉಳಿಯಿತು.

ನನ್ನ ಕಾಲದ್ದು ಎಂದು ಅವಳು ಅಂದದ್ದು ಸುಳ್ಳಲ್ಲ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ 1992ರ ಸುಮಾರಿಗೆ ನಮ್ಮ ಬೀದಿಗೆ ಕೇಬಲ್ ಟೀವಿ ಬಂತು. ಅದರಲ್ಲಿ ಎಂಟಿವಿ ಎಂಬ ಚಾನೆಲ್ಲು. ಉದ್ದ ಕೂದಲನ್ನು ಮುಖದ ಮೇಲೆ ಬಿಟ್ಟುಕೊಂಡು, ಹರಿದ ಪ್ಯಾಂಟು ತೊಟ್ಟು, ಗಿಟಾರನ್ನು ಮುರಿಯುವವರಂತೆ ಬಾರಿಸುವ ಹುಡುಗರು ಕಾಣಿಸಿದೊಡನೆ ಅಪ್ಪ, “ಏನಿದು ದರಿದ್ರ ಗಲಾಟೆ, ಆರಿಸೇ ಅದನ್ನ” ಎನ್ನುತ್ತಿದ್ದರು. ಒಮ್ಮೆ ನಾನು ಏಳುವಷ್ಟರಲ್ಲಿ, ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ, “ಆ ಹುಡುಗಂಗೆ ಏನಾಗಿದ್ಯೇ? ಪಾಪ, ಅಳ್ತಾ ಇದಾನಲ್ಲೇ” ಎಂದರು. ನಾವೆಲ್ಲ ನಕ್ಕೆವು. ಅಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರೆಂದು ನನಗೆ ತಿಳಿಯುವುದಕ್ಕೆ ಮೂವತ್ತು ವರ್ಷ ಬೇಕಾಯಿತು.

ಆಲ್ಟರ್ನೇಟಿವ್ ಎಂದರೆ ಪರ್ಯಾಯ. ಯಾವುದಕ್ಕೆ ಪರ್ಯಾಯ? 1980ರ ದಶಕದ ಅಮೆರಿಕದಲ್ಲಿ ದೊಡ್ಡ ದೊಡ್ಡ ರೇಡಿಯೊ ನಿಲಯಗಳು ಥಳುಕಿನ, ಕುಣಿಸುವ ಹಾಡುಗಳನ್ನೇ ಹಾಕುತ್ತಿದ್ದವು. ಅವರು ಮುಟ್ಟದ ಹಾಡುಗಳನ್ನು ಕಾಲೇಜುಗಳ ಸಣ್ಣ ರೇಡಿಯೊ ಕೇಂದ್ರಗಳಲ್ಲಿ ವಿದ್ಯಾರ್ಥಿಗಳೇ ಹಾಕತೊಡಗಿದರು. ಸಣ್ಣ ಊರಿನ ಸಣ್ಣ ತಂಡಗಳು, ಅವುಗಳ ಹಾಡು ಅಚ್ಚು ಹಾಕಿಸುವ ಸಣ್ಣ ಕಂಪನಿಗಳು. ನಮ್ಮಲ್ಲಿ ‘ಸಾಕ್ಷಿ’, ‘ಸಂಕ್ರಮಣ’, ‘ಶೂದ್ರ’ದಂಥ ಸಣ್ಣ ಪತ್ರಿಕೆಗಳು ಜನಪ್ರಿಯ ವಾರಪತ್ರಿಕೆಗಳ ಪಕ್ಕದಲ್ಲೇ ಬೇರೊಂದು ಸಾಹಿತ್ಯವನ್ನು ಬೆಳೆಸಲಿಲ್ಲವೇ, ಹಾಗೆ ಎಂದುಕೊಳ್ಳಿ. 1991ರಲ್ಲಿ ಈ ಸಣ್ಣ ತೊರೆ ಒಮ್ಮೆಲೇ ಹೊಳೆಯಾಗಿ ಹರಿಯಿತು.

ಮೊದಲು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ‘ಲೂಸಿಂಗ್ ಮೈ ರಿಲಿಜನ್’ ಹಾಡಿದ್ದು ಆರ್.ಇ.ಎಂ. ಎಂಬ ತಂಡ. ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಪಟ್ಟಣದಲ್ಲಿ 1980ರಲ್ಲಿ ಕೂಡಿದ ನಾಲ್ವರು ಗೆಳೆಯರು. ತಂಡದ ಗಿಟಾರುವಾದಕ ಪೀಟರ್ ಬಕ್ ಹೊಸದಾಗಿ ಒಂದು ಮ್ಯಾಂಡೊಲಿನ್ ಕೊಂಡಿದ್ದ. ಟೀವಿ ನೋಡುತ್ತಲೇ ಅಭ್ಯಾಸ ಮಾಡುತ್ತ, ಬಾರಿಸಿದ್ದನ್ನೆಲ್ಲ ಟೇಪು ಮಾಡಿಕೊಳ್ಳುತ್ತಿದ್ದ. ಮಾರನೇ ದಿನ ಕೇಳಿದರೆ, ಕಲಿಯುವವನ ತಪ್ಪುತಡೆಗಳ ನಡುವೆ ಒಂದು ತುಣುಕು ಹೊಳೆಯುತ್ತಿತ್ತು. ಆ ತುಣುಕೇ ಹಾಡಾಯಿತು. ಮ್ಯಾಂಡೊಲಿನ್ ಎಂದರೆ ನಮಗೆ ನೆನಪಾಗುವುದು ಯು. ಶ್ರೀನಿವಾಸ್, ಇವನದು ಆ ಎತ್ತರದ ವಿದ್ವತ್ತಲ್ಲ, ಬಾಲಪಾಠ. ಆದರೆ ಬಾಲಪಾಠದಲ್ಲೂ ಸರಸ್ವತಿ ಒಮ್ಮೊಮ್ಮೆ ಇಣುಕಿ ಹೋಗುತ್ತಾಳೆ.

ಹಾಡಿಗೆ ಪಲ್ಲವಿ ಎನ್ನುವಂಥದ್ದೇ ಇಲ್ಲ, ಮುಂದೆ ನಿಂತಿರುವುದು ಮ್ಯಾಂಡೊಲಿನ್. ಇದನ್ನೇ ಮೊದಲು ಬಿಡುಗಡೆ ಮಾಡೋಣ ಎಂದಾಗ ರೆಕಾರ್ಡು ಕಂಪನಿಯವರು ಹಿಂದೆ ಮುಂದೆ ನೋಡಿದರಂತೆ. 1991ರಲ್ಲಿ ಅದೇ ಹಾಡು ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಅದರ ಚಿತ್ರೀಕರಣ ಮಾಡಿದವನು ಜಲಂಧರದಲ್ಲಿ ಹುಟ್ಟಿದ ನಮ್ಮ ದೇಶದ ತರ್ಸೆಮ್ ಸಿಂಗ್; ಆ ವರ್ಷ ಎಂಟಿವಿಯ ಅತ್ಯುತ್ತಮ ವಿಡಿಯೊ ಪ್ರಶಸ್ತಿ ಅದಕ್ಕೇ ಬಂತು. ಇನ್ನು ಅರ್ಥ. ಮತಕ್ಕೂ ಈ ಮಾತಿಗೂ ಸಂಬಂಧವೇ ಇಲ್ಲ. ಅಮೆರಿಕದ ದಕ್ಷಿಣದ ಆಡುಮಾತಿನಲ್ಲಿ ‘ನನ್ನ ಧರ್ಮ ಕಳೆದುಕೊಂಡೆ’ ಎಂದರೆ ತಾಳ್ಮೆ ಕೆಟ್ಟಿತು, ಇನ್ನು ನನ್ನಿಂದಾಗದು ಎಂದು. ತಾನು ಮೆಚ್ಚಿದವರಿಗೆ ತನ್ನ ಮನಸ್ಸು ಗೊತ್ತಿದೆಯೋ ಇಲ್ಲವೋ, ಹೇಳಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಒಳಗೊಳಗೇ ಬೇಯುವವನ ಹಾಡು ಅದು ಎಂದು ಗಾಯಕ ಮೈಕೆಲ್ ಸ್ಟೈಪ್ ಹೇಳಿದ್ದಾನೆ.

ಎರಡನೆಯ ಹಾಡಿನ ಕಥೆ ಕೇಳಿದರೆ ನಿಮಗೆ ನಗು ಬರುತ್ತದೆ. ತಂಡದ ಹೆಸರು ನಮ್ಮ ಮಾತೇ: ನಿರ್ವಾಣ. ಅವರ ಉಚ್ಚಾರದಲ್ಲಿ ನಿರ್ವಾನಾ. ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಎಂಬ ಊರಿನಲ್ಲಿ ಗಾಯಕ ಕರ್ಟ್ ಕೋಬೇನ್ ಬಾಡಿಗೆ ಮನೆಯಲ್ಲಿದ್ದ. 1990ರ ಒಂದು ರಾತ್ರಿ ಗೆಳೆಯರ ಕೂಟ ಮುಗಿಯುವ ಹೊತ್ತಿಗೆ ಕ್ಯಾಥ್ಲೀನ್ ಹ್ಯಾನಾ ಎಂಬ ಗೆಳತಿ ಅವನ ಕೋಣೆಯ ಗೋಡೆಯ ಮೇಲೆ ಪೆನ್ನಿನಿಂದ, ಕರ್ಟ್ ‘ಟೀನ್ ಸ್ಪಿರಿಟ್’ ವಾಸನೆ ಹೊಡೆಯುತ್ತಾನೆ ಎಂದು ಗೀಚಿದಳು. ಅವನಿಗೆ ಪುಳಕವಾಯಿತು. ಯೌವನದ ಕೆಚ್ಚು ಇವನಲ್ಲಿ ಘಮಘಮಿಸುತ್ತಿದೆ ಎಂದು ಗೆಳತಿ ಹೊಗಳಿದ್ದಾಳೆ, ಇದು ಕ್ರಾಂತಿಯ ಘೋಷಣೆ ಎಂದುಕೊಂಡ. ಕೆಲವು ತಿಂಗಳ ನಂತರ ಅವಳಿಗೆ ಫೋನು ಮಾಡಿ, ಆ ಮಾತನ್ನು ಹಾಡಿಗೆ ಇಟ್ಟುಕೊಳ್ಳಲೇ ಎಂದು ಕೇಳಿದ. ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಎಂದು ಹೆಸರಿಟ್ಟ. ಹಾಡು ಜಗತ್ತೆಲ್ಲ ಸುತ್ತಿದ ಮೇಲೆ ಅವನಿಗೆ ಗೊತ್ತಾದದ್ದು, ಟೀನ್ ಸ್ಪಿರಿಟ್ ಎನ್ನುವುದು ಹರೆಯದ ಹುಡುಗಿಯರು ಕಂಕುಳಿಗೆ ಹಚ್ಚಿಕೊಳ್ಳುವ ಒಂದು ಸುಗಂಧದ ಹೆಸರು! ಅವನ ಆಗಿನ ಗೆಳತಿ ಅದನ್ನು ಬಳಸುತ್ತಿದ್ದಳು, ಆ ವಾಸನೆ ಅವನಿಗೂ ಅಂಟಿದೆ ಎಂದು ಹ್ಯಾನಾ ಕೀಟಲೆ ಮಾಡಿದ್ದಳು. ಆ ಸುಗಂಧದ ಕಂಪನಿಯನ್ನು 1992ರಲ್ಲಿ ಕೊಂಡುಕೊಂಡದ್ದು ನಮ್ಮೆಲ್ಲರ ಬಚ್ಚಲುಮನೆಯಲ್ಲಿರುವ ಕೋಲ್ಗೇಟಿನವರು. ಕ್ರಾಂತಿಯ ಕಥೆ ಹಲ್ಲುಪುಡಿಯ ಅಂಗಡಿಗೆ ಬಂದು ನಿಂತಿತು ಅನ್ನಿ.

ಈ ಹಾಡಿದ್ದ ‘ನೆವರ್‌ಮೈಂಡ್’ ಎಂಬ ಆಲ್ಬಂ 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್ನನ ಆಲ್ಬಮನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಹಾಡಿದವನಿಗೆ ಮಾತ್ರ ಆ ಎತ್ತರ ಒಗ್ಗಲಿಲ್ಲ. ಅವನು ಒಂಬತ್ತು ವರ್ಷದವನಿದ್ದಾಗ ತಂದೆತಾಯಿ ಬೇರೆಯಾಗಿದ್ದರು. ಆಮೇಲೆ ಅವರ ಮನೆ, ಇವರ ಮನೆ, ನೆಂಟರ ಮನೆ ಎಂದು ಬೆಳೆದ ಹುಡುಗ. ಆ ಗಾಯವನ್ನು ಅವನು ದೊಡ್ಡವನಾದ ಮೇಲೂ ಹೇಳಿಕೊಳ್ಳುತ್ತಿದ್ದ. 1994ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ತನ್ನ ಜೀವವನ್ನು ತಾನೇ ಮುಗಿಸಿಕೊಂಡ. ನಮ್ಮಜ್ಜಿ ಟೀವಿಯಲ್ಲಿ ಕಂಡು ‘ಅಳ್ತಾ ಇದಾನಲ್ಲೇ’ ಎಂದದ್ದು ಇವನನ್ನೇ ಇರಬೇಕು. ಗೋಡೆಯ ಮೇಲೆ ಬರೆದ ಹ್ಯಾನಾ ಸುಮ್ಮನೆ ಕೀಟಲೆಯ ಹುಡುಗಿಯಾಗಿರಲಿಲ್ಲ. ಬಿಕಿನಿ ಕಿಲ್ ಎಂಬ ತನ್ನದೇ ತಂಡ ಕಟ್ಟಿದ್ದಳು. ಇಂಥ ಹಾಡಿನ ಸಭೆಗಳಲ್ಲಿ ಹುಡುಗರು ನೂಕಾಡುತ್ತ ವೇದಿಕೆಯ ಮುಂದೆ ನಿಂತು, ಹುಡುಗಿಯರು ಗೋಡೆಗೆ ಒರಗುವುದು ವಾಡಿಕೆ. ಈಕೆ ಹಾಡು ನಿಲ್ಲಿಸಿ, ಹುಡುಗಿಯರು ಮುಂದೆ ಬರಲಿ, ಹುಡುಗರು ಹಿಂದೆ ಸರಿಯಲಿ ಎನ್ನುತ್ತಿದ್ದಳು. ನಮ್ಮ ಸಭೆಗಳಲ್ಲಿ ಮುಂದಿನ ಸಾಲು ಈಗಲೂ ಯಾರದ್ದೆಂದು ನಿಮಗೇ ಗೊತ್ತು.

ಮೂರನೆಯ ಹಾಡು ಹೆಣ್ಣಿನ ದನಿ. ‘ಜೋಂಬಿ’ ಎಂದರೆ ಬದುಕಿದಂತೆ ನಡೆದಾಡುವ ಹೆಣ. ಹಾಡಿದವಳು ಡೊಲೊರೆಸ್ ಓರಿಯೊರ್ಡನ್, ಐರ್ಲೆಂಡಿನ ಲಿಮರಿಕ್ ಸೀಮೆಯವಳು, ದೊಡ್ಡ ಸಂಸಾರದ ಕೊನೆಯ ಮಗಳು. ಹುಟ್ಟಿದ್ದು 1971ರಲ್ಲಿ, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಚರ್ಚಿನಲ್ಲಿ ಹಾಡಿ ಪಳಗಿದ ಕಂಠ. ಅವಳ ತಂಡ ದಿ ಕ್ರ್ಯಾನ್‌ಬೆರೀಸ್ ಅದುವರೆಗೆ ಹಾಡುತ್ತಿದ್ದದ್ದು ನವಿರಾದ ಪ್ರೇಮಗೀತೆಗಳನ್ನು.

1993ರ ಮಾರ್ಚ್ 20, ಶನಿವಾರ. ಇಂಗ್ಲೆಂಡಿನ ವಾರಿಂಗ್ಟನ್ ಎಂಬ ಊರು. ಮಾರನೆಯ ದಿನ ಅಲ್ಲಿ ತಾಯಂದಿರ ದಿನ. ಪೇಟೆ ಬೀದಿಯ ತುಂಬ ಜನ. ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಬೇಕೆಂದು ಬಂದೂಕು ಹಿಡಿದಿದ್ದ ಐ.ಆರ್.ಎ. ಸಂಘಟನೆ ಅಂಗಡಿಗಳ ಮುಂದಿನ ಕಸದ ತೊಟ್ಟಿಗಳಲ್ಲಿ ಎರಡು ಬಾಂಬುಗಳನ್ನಿಟ್ಟಿತ್ತು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮೂರು ವರ್ಷದ ಒಂದು ಮಗು ಅಲ್ಲೇ ಸತ್ತಿತು. ಅಮ್ಮನಿಗೆ ಕಾರ್ಡು ಕೊಳ್ಳಲೆಂದು ನೋಡಿಕೊಳ್ಳುವವಳ ಕೈ ಹಿಡಿದು ಬಂದಿದ್ದ ಮಗು. ಹನ್ನೆರಡು ವರ್ಷದ ಇನ್ನೊಬ್ಬ ಹುಡುಗ ಐದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಆಗ ಹಾಡಿನ ಪ್ರವಾಸದಲ್ಲಿದ್ದ ಡೊಲೊರೆಸ್‌ಗೆ ಈ ಸುದ್ದಿ ಮನಸ್ಸಿನಿಂದ ಹೋಗಲಿಲ್ಲ. ಲಿಮರಿಕ್‌ನ ತನ್ನ ಮನೆಗೆ ಬಂದು ಗಿಟಾರು ಹಿಡಿದು ಒಬ್ಬಳೇ ಹಾಡು ಕಟ್ಟಿದಳು. ಆಮೇಲೆ ತಂಡದವರಿಗೆ ಇದನ್ನು ಜೋರಾಗಿ, ಸಿಟ್ಟಿನಿಂದ ಬಾರಿಸಿ ಎಂದಳು. ಆ ಹಾಡಿನಲ್ಲಿ ಕಂಠ ಒಡೆದಂತೆ ಕೇಳುತ್ತದೆ. ಹಳ್ಳಿಯಲ್ಲಿ ಸಾವಿನ ಮನೆಯ ಮುಂದೆ ಹೆಂಗಸರು ದನಿ ತೆಗೆದದ್ದನ್ನು ಕೇಳಿದವರಿಗೆ ಅದು ಹೊಸದೆನಿಸುವುದಿಲ್ಲ.

ಐರ್ಲೆಂಡಿನಲ್ಲಿ ಸುಮಾರು ಮೂವತ್ತು ವರ್ಷ ನಡೆದ ಆ ಹಿಂಸೆಯಲ್ಲಿ ಸತ್ತವರು ಸುಮಾರು 3,500 ಮಂದಿ. ಇತಿಹಾಸ ಗೊತ್ತಿಲ್ಲದ ಹುಡುಗಿ ಏನೋ ಹಾಡಿದಳು ಎಂದು ಮೂಗು ಮುರಿದವರೂ ಇದ್ದರು. ಅವಳ ಮಾತು ಸರಳವಾಗಿತ್ತು: ನಮ್ಮ ಹೆಸರಿನಲ್ಲಿ ಮಕ್ಕಳನ್ನು ಕೊಲ್ಲಬೇಡಿ. ಅದೇ ವಾರಗಳಲ್ಲಿ ಡಬ್ಲಿನ್ನಿನ ಒಬ್ಬ ಗೃಹಿಣಿ ಕರೆ ಕೊಟ್ಟ ಶಾಂತಿಸಭೆಗೂ ಸಾವಿರಾರು ಜನ ಬಂದಿದ್ದರು. 1994ರ ಆಗಸ್ಟ್ ಕೊನೆಯಲ್ಲಿ ಐ.ಆರ್.ಎ. ಕದನವಿರಾಮ ಸಾರಿತು. ಸೆಪ್ಟೆಂಬರಿನಲ್ಲಿ ಹಾಡು ಹೊರಬಂತು. 1998ರಲ್ಲಿ ಶಾಂತಿ ಒಪ್ಪಂದವಾಯಿತು. ಒಂದು ಹಾಡಿನಿಂದ ಒಪ್ಪಂದವಾಗುವುದಿಲ್ಲ, ನಿಜ. ಆದರೆ ‘ಸಾಕು’ ಎನ್ನುವ ಮಾತು ಎಲ್ಲರ ಬಾಯಿಗೆ ಬರಬೇಕಾದರೆ ಯಾರೋ ಒಬ್ಬರು ಮೊದಲು ಕೂಗಬೇಕಾಗುತ್ತದೆ. ಡೊಲೊರೆಸ್ 2018ರ ಜನವರಿಯಲ್ಲಿ, ನಲವತ್ತಾರನೇ ವಯಸ್ಸಿಗೆ, ಲಂಡನ್ನಿನ ಹೋಟೆಲೊಂದರಲ್ಲಿ ಆಕಸ್ಮಿಕವಾಗಿ ತೀರಿಕೊಂಡಳು. 2023ರ ರಗ್ಬಿ ವಿಶ್ವಕಪ್ಪಿನಲ್ಲಿ ಪ್ಯಾರಿಸ್ಸಿನ ಕ್ರೀಡಾಂಗಣ ತುಂಬಿದ ಐರ್ಲೆಂಡಿನ ಜನ ಇದೇ ಹಾಡನ್ನು ಒಟ್ಟಾಗಿ ಹಾಡಿದರು.

ನಾಲ್ಕನೆಯ ಹಾಡಿನ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರ್ಲ್ ಜಾಮ್ ಎಂಬ ತಂಡದ ‘ಜೆರೆಮಿ’. ಗಾಯಕ ಎಡ್ಡಿ ವೆಡ್ಡರ್ 1991ರಲ್ಲಿ ಪತ್ರಿಕೆಯಲ್ಲಿ ಒಂದು ಪುಟ್ಟ ಸುದ್ದಿ ಓದಿದ. ಟೆಕ್ಸಾಸ್ ರಾಜ್ಯದ ರಿಚರ್ಡ್‌ಸನ್ ಎಂಬ ಊರಿನ ಹೈಸ್ಕೂಲು, ಜನವರಿ 8ರ ಬೆಳಗ್ಗೆ, ಇಂಗ್ಲಿಷ್ ತರಗತಿ. ಹದಿನೈದು ವರ್ಷದ ಜೆರೆಮಿ ತಡವಾಗಿ ಬಂದ. ಅಧ್ಯಾಪಕಿ, ಕಚೇರಿಗೆ ಹೋಗಿ ಚೀಟಿ ತೆಗೆದುಕೊಂಡು ಬಾ ಎಂದರು. ಹೋದ. ಮರಳಿ ಬಂದಾಗ ಅವನ ಕೈಯಲ್ಲಿ ಇದ್ದದ್ದು ಚೀಟಿಯಲ್ಲ. ಅಧ್ಯಾಪಕಿಯ ಎದುರು, ಸುಮಾರು ಮೂವತ್ತು ಸಹಪಾಠಿಗಳ ಎದುರು ತನ್ನ ಜೀವ ತೆಗೆದುಕೊಂಡ. ಹೊಸದಾಗಿ ಆ ಶಾಲೆಗೆ ಸೇರಿದ್ದ, ಹೆಚ್ಚು ಮಾತಿಲ್ಲದ ಹುಡುಗ.

ವೆಡ್ಡರನನ್ನು ಕಾಡಿದ್ದು ಸುದ್ದಿಯ ಉದ್ದ. ಒಂದು ಜೀವ ಹೋಯಿತು, ಪತ್ರಿಕೆಯಲ್ಲಿ ಒಂದು ಪ್ಯಾರಾ ಬಂತು, ಮಾರನೇ ದಿನ ಲೋಕ ಮುಂದೆ ನಡೆಯಿತು. ಇದರಿಂದ ಏನೂ ಬದಲಾಗುವುದಿಲ್ಲ, ಬದುಕಿ ತೋರಿಸುವುದೇ ನಿಜವಾದ ಸೇಡು ಎಂದು ಆತ ಆಮೇಲೆ ಹೇಳಿದ್ದಾನೆ. ತಾನು ತಂದೆ ಎಂದುಕೊಂಡವನು ತನ್ನ ತಂದೆಯಲ್ಲ ಎಂದು ಹರೆಯದಲ್ಲಿ ತಿಳಿದು ತತ್ತರಿಸಿದ್ದ ಹುಡುಗ ಅವನು. ಇಂಥ ನೋವು ಅವನಿಗೆ ಪರಕೀಯವಲ್ಲ. ಹಾಡಿನ ವಿಡಿಯೊಗೆ 1993ರಲ್ಲಿ ಎಂಟಿವಿಯ ಅತ್ಯುತ್ತಮ ವಿಡಿಯೊ ಪ್ರಶಸ್ತಿ ಬಂತು. ಆದರೆ ಅದರ ಕೊನೆಯ ದೃಶ್ಯವನ್ನು ಪ್ರಸಾರದ ನಿಯಮಕ್ಕೆ ಹೊಂದುವಂತೆ ಕತ್ತರಿಸಿದ್ದರಿಂದ, ಹುಡುಗ ಸಹಪಾಠಿಗಳನ್ನೇ ಕೊಂದ ಎಂದು ಬಹಳ ಜನ ತಪ್ಪು ತಿಳಿದರು. ಅಷ್ಟು ದೊಡ್ಡ ಗೆಲುವಿನ ನಂತರ ಆ ತಂಡ ಐದಾರು ವರ್ಷ ಹಾಡಿನ ವಿಡಿಯೊ ಮಾಡುವುದನ್ನೇ ಬಿಟ್ಟಿತು.

ಹುಡುಗನ ತಾಯಿ 2018ರವರೆಗೆ ಬಾಯಿ ಬಿಡಲಿಲ್ಲ. ಇಪ್ಪತ್ತೇಳು ವರ್ಷದ ನಂತರ ಮೊದಲ ಸಲ ಟೀವಿಯವರೊಡನೆ ಮಾತನಾಡಿ, ನನ್ನ ಮಗನ ಬದುಕೆಂದರೆ ಅವನು ಸತ್ತ ಆ ಒಂದು ದಿನವಲ್ಲ, ಅವನು ಮಗನಾಗಿದ್ದ, ಅಣ್ಣನೋ ತಮ್ಮನೋ ಆಗಿದ್ದ, ಗೆಳೆಯನಾಗಿದ್ದ ಎಂಬರ್ಥದ ಮಾತು ಹೇಳಿದಳು. ಇದನ್ನು ಓದಿದಾಗ ನನಗೆ ಹಾಡಿನ ಬಗ್ಗೆಯೂ ಒಂದು ಅನುಮಾನ ಬಂತು. ಒಬ್ಬ ತಾಯಿಯ ಒಡಲ ಸಂಕಟವನ್ನು ಲೋಕವೆಲ್ಲ ಕೈಯೆತ್ತಿ ಹಾಡುವುದು ಸರಿಯೇ? ಆ ಹಾಡು ರೇಡಿಯೊದಲ್ಲಿ ಬಂದಾಗಲೆಲ್ಲ ಅವಳಿಗೆ ಏನಾಗುತ್ತಿತ್ತೋ! ಹಾಡಿಲ್ಲದಿದ್ದರೆ ಆ ಹುಡುಗ ಒಂದು ಪ್ಯಾರಾದಲ್ಲೇ ಮುಗಿದುಹೋಗುತ್ತಿದ್ದ. ಹಾಡಿನಿಂದ ಅವನು ಆ ಒಂದು ದಿನಕ್ಕೇ ಅಂಟಿಕೊಂಡ. ಎರಡೂ ನಿಜ. ನನ್ನಿಂದ ತೀರ್ಪು ಕೊಡಲಾಗಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಆ ಚೀಟಿ. ‘ಆಫೀಸಿಗೆ ಹೋಗಿ ಚೀಟಿ ತಗೊಂಡು ಬಾ’ ಎಂಬ ಮಾತನ್ನು ನಾನು ಎಷ್ಟು ಸಾವಿರ ಸಲ ಆಡಿಲ್ಲ? ಆ ಅಧ್ಯಾಪಕಿಯ ತಪ್ಪು ಏನೂ ಇಲ್ಲ. ಶಾಲೆಯ ನಿಯಮ ಹೇಳಿದರು, ಅಷ್ಟೆ. ಆದರೆ ನನಗೆ ಬಹಳ ವರ್ಷ ಹಿಂದಿನ ಒಬ್ಬ ಹುಡುಗ ನೆನಪಾದ. ಒಂಬತ್ತನೇ ತರಗತಿ. ವಾರದಲ್ಲಿ ಮೂರು ದಿನ ತಡ. ಒಂದು ದಿನ ನಾನು ಸಿಟ್ಟಿನಲ್ಲಿ, “ಹೆಡ್‌ಮಾಸ್ಟರ ಹತ್ರ ಚೀಟಿ ಬರೆಸ್ಕೊಂಡು ಬಾ, ಇಲ್ಲದಿದ್ರೆ ಒಳಗೆ ಬರಬೇಡ” ಎಂದೆ. ಅವನು ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನ ಮುಖ ನೋಡಿ ಹೋದ. ಅವತ್ತು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ತಿಂಗಳಾದ ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳೂ ನಾನೇ. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಬೆಳಗ್ಗೆ ಮನೆಮನೆಗೆ ಹಾಲು ಹಾಕಿ, ತಂಗಿಗೆ ಗಂಜಿ ಮಾಡಿಟ್ಟು ಬರುತ್ತಿದ್ದ ಎಂದು ಯಾರೋ ಹೇಳಿದ್ದು ಆಮೇಲೆ. ವರ್ಷಗಳ ನಂತರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೇಬಲ್ಲು ಒರೆಸುತ್ತಿದ್ದವನು ನನ್ನನ್ನು ಕಂಡು, “ನಮಸ್ಕಾರ ಮಿಸ್” ಎಂದು ನಕ್ಕ. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಕಾಫಿಯ ಋಣ ನನ್ನ ಮೇಲಿದೆ.

ಐದನೆಯದು ‘ರನ್‌ಅವೇ ಟ್ರೈನ್’. ಮಿನಿಯಾಪೊಲಿಸ್ ನಗರದ ಸೋಲ್ ಅಸೈಲಂ ತಂಡದ್ದು. ಬರೆದ ಡೇವ್ ಪಿರ್ನರ್‌ಗೆ ಅದು ತನ್ನದೇ ಖಿನ್ನತೆಯ ಹಾಡು. ಆದರೆ 1993ರಲ್ಲಿ ಅದರ ವಿಡಿಯೊ ಮಾಡಿದ ನಿರ್ದೇಶಕ ಟೋನಿ ಕೇ, ಮನೆಬಿಟ್ಟು ಹೋದ, ಕಾಣೆಯಾದ ನಿಜವಾದ ಮಕ್ಕಳ ಚಿತ್ರ, ಹೆಸರು, ಕಾಣೆಯಾದ ವರ್ಷ ಎಲ್ಲವನ್ನೂ ಅದರಲ್ಲಿ ತೋರಿಸಿದ. ಅಮೆರಿಕದಲ್ಲಿ ಹಾಲಿನ ಪೊಟ್ಟಣದ ಮೇಲೆ ಕಾಣೆಯಾದ ಮಕ್ಕಳ ಚಿತ್ರ ಹಾಕುವ ರೂಢಿ ಇತ್ತು. ಇದು ಅದೇ ಕೆಲಸವನ್ನು ಟೀವಿಯಲ್ಲಿ ಮಾಡಿತು. ಬೇರೆ ಬೇರೆ ದೇಶಗಳಿಗೆ ಆಯಾ ದೇಶದ ಮಕ್ಕಳ ಚಿತ್ರ ಸೇರಿಸಿದರು. 26 ಮಕ್ಕಳು ಪತ್ತೆಯಾದರೆಂದು ನಿರ್ದೇಶಕ ಹೇಳಿದ. ಕೇಳಿ ನನ್ನ ಕಣ್ಣು ಒದ್ದೆಯಾಯಿತು.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ತಂಡದ ಗಿಟಾರುವಾದಕ ಮುಂದೆ ಹೇಳಿದ್ದೇ ಬೇರೆ. ಪ್ರವಾಸದಲ್ಲಿ ಸಿಕ್ಕ ಒಬ್ಬ ಹುಡುಗಿ ನಗುತ್ತಲೇ, ನೀವು ನನ್ನ ಬದುಕು ಕೆಡಿಸಿದಿರಿ ಎಂದಳಂತೆ. ವಿಡಿಯೊದಲ್ಲಿ ತನ್ನ ಮುಖವನ್ನು ತಾನೇ ಕಂಡಿದ್ದಳು, ಅದರಿಂದಾಗಿ ಯಾವ ಮನೆಯಿಂದ ತಪ್ಪಿಸಿಕೊಂಡು ಬಂದಿದ್ದಳೋ ಅದೇ ಮನೆಗೆ ಮರಳಬೇಕಾಯಿತು. ಮಕ್ಕಳು ಎಲ್ಲಿಗೆ ಹೋದರು ಎಂದು ನಾವೆಲ್ಲ ಹುಡುಕುತ್ತೇವೆ. ಏಕೆ ಹೋದರು ಎಂದು ಕೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಆ ಪ್ರಶ್ನೆಗೆ ಕಾಲಂ ಇಲ್ಲ.

ಕೊನೆಯದು ಮತ್ತೆ ಆರ್.ಇ.ಎಂ. ತಂಡದ್ದೇ, 1992ರ ‘ಎವೆರಿಬಡಿ ಹರ್ಟ್ಸ್’. ಎಲ್ಲರಿಗೂ ನೋವಾಗುತ್ತದೆ, ಒಬ್ಬನೇ ಅಲ್ಲ ನೀನು, ತಾಳಿಕೋ ಎನ್ನುವುದಷ್ಟೇ ಅದರ ಸಾರ. ಆ ತಂಡದ ಮಾತು ಸಾಮಾನ್ಯವಾಗಿ ಒಗಟಿನಂತಿರುತ್ತದೆ. ಇದೊಂದು ಮಾತ್ರ ಒಂದನೇ ಕ್ಲಾಸಿನ ಪಾಠದಷ್ಟು ನೇರ. ಹೈಸ್ಕೂಲಿನ ವಯಸ್ಸಿನವರಿಗಾಗಿ ಬರೆದದ್ದರಿಂದ ಹಾಗೆ ಎಂದು ಪೀಟರ್ ಬಕ್ ಹೇಳಿದ್ದಾನೆ. ಹಾಡಿನ ಬಹುಪಾಲು ಹುಟ್ಟಿದ್ದು ಡ್ರಮ್ಮು ಬಾರಿಸುವ ಬಿಲ್ ಬೆರ್ರಿಯಿಂದ. ತಮಾಷೆಯೆಂದರೆ ಅವನ ಹಾಡಿನ ಬಹುಭಾಗದಲ್ಲಿ ಅವನ ಡ್ರಮ್ಮೇ ಇಲ್ಲ, ತಾಳ ಹಾಕುವುದು ಒಂದು ಅಗ್ಗದ ಯಂತ್ರ. ತಾನು ಹಿಂದೆ ಸರಿದು ಹಾಡಿಗೆ ಜಾಗ ಬಿಟ್ಟ. 1997ರಲ್ಲಿ ತಂಡವನ್ನೂ ಬಿಟ್ಟು ಕೃಷಿಕನಾದ. 1995ರಲ್ಲಿ ಇಂಗ್ಲೆಂಡಿನ ಸಮಾರಿಟನ್ಸ್ ಎಂಬ ಸಂಸ್ಥೆ, ನೊಂದ ಯುವಕರು ತಮಗೆ ಫೋನು ಮಾಡಲೆಂದು ಈ ಹಾಡಿನ ಮಾತು ಮತ್ತು ತಮ್ಮ ಫೋನ್ ನಂಬರು ಇವೆರಡನ್ನೇ ಅಚ್ಚು ಹಾಕಿಸಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ನಮ್ಮಲ್ಲೂ 2022ರಿಂದ ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ಇದೆ, ನಂಬರು 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅದನ್ನು ನಮ್ಮ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿದ್ದೇನೆ. ಯಾರೂ ಅಳಿಸುವುದಿಲ್ಲ.

ಈ ಆರು ಹಾಡುಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಕಂಡದ್ದು ಅಜ್ಜಿಯ ಬೀಸುವ ಕಲ್ಲು. ಬೆಳಗಿನ ಜಾವ ಎದ್ದು ರಾಗಿ ಬೀಸುವಾಗ ಅಜ್ಜಿ ಹಾಡುತ್ತಿದ್ದರಂತೆ. ಅತ್ತೆಯ ಮಾತಿನ ಬಿಸಿ, ತವರಿನ ದಾರಿ, ಹುಟ್ಟಿ ಉಳಿಯದ ಕೂಸು, ಎಲ್ಲ ಆ ಹಾಡಿನಲ್ಲಿ ಬರುತ್ತಿತ್ತು. ಒಲೆಯ ಮುಂದೆ ಆಡಿದ್ದರೆ ಜಗಳವಾಗುವ ಮಾತು ಕಲ್ಲಿನ ಮುಂದೆ ಪದವಾಗುತ್ತಿತ್ತು. ಕಲ್ಲಿನ ಸದ್ದಿನ ಮರೆಯಲ್ಲಿ ಅತ್ತರೂ ಯಾರೂ ಏಕೆಂದು ಕೇಳುತ್ತಿರಲಿಲ್ಲ. ಆ ಹುಡುಗ ಹುಡುಗಿಯರ ಗಿಟಾರೂ ಅಂಥದ್ದೇ ಒಂದು ಕಲ್ಲು. ಸದ್ದು ಜೋರಾದಷ್ಟೂ ಅದರ ಮರೆ ದೊಡ್ಡದು. ಅಜ್ಜಿ ಆ ಮರೆಯ ಈಚೆಯವರಲ್ಲ, ಆಚೆಯವರು. ಅದಕ್ಕೇ ಅವರಿಗೆ ಅಳು ಕೇಳಿಸಿತು, ಅಪ್ಪನಿಗೂ ನನಗೂ ಗಲಾಟೆ ಮಾತ್ರ ಕೇಳಿಸಿತು.

ಮಾರನೇ ದಿನ ಎಂದು ಹೇಳಿದವಳು ವಾರ ಕಳೆದು ಆ ಹುಡುಗನಿಗೆ ಉತ್ತರ ಹೇಳಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕರೆದು, “ಮತಾಂತರ ಅಲ್ಲ ಕಣೋ, ತಾಳ್ಮೆ ಕೆಡೋದು ಅಂತ” ಎಂದೆ. ತಲೆಯಾಡಿಸಿದ. “ಈ ಹಾಡೆಲ್ಲ ನಿಂಗೆ ಹೇಗೆ ಗೊತ್ತು?” ಎಂದು ಕೇಳಿದೆ. “ಅಣ್ಣನ ಫೋನಲ್ಲಿದೆ ಮಿಸ್. ಮನೇಲಿ ಅಪ್ಪ ಅಮ್ಮ ಜೋರಾಗಿ ಮಾತಾಡೋಕೆ ಶುರು ಮಾಡಿದ್ರೆ ಕಿವಿಗೆ ಹಾಕ್ಕೋತೀನಿ. ಏನೂ ಕೇಳ್ಸಲ್ಲ” ಎಂದ. ಆಮೇಲೆ ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ತಲೆ ತಗ್ಗಿಸಿದ. ನಾನು ಡಬ್ಬಿಯಲ್ಲಿದ್ದ ಚಪಾತಿಯಲ್ಲಿ ಒಂದನ್ನು ಅವನ ಕೈಗಿಟ್ಟೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದೆವು. ಹೆಚ್ಚೇನೂ ಮಾತಾಡಲಿಲ್ಲ. ಆದರೆ ಆಮೇಲಿನ ವಾರಗಳಲ್ಲಿ ಅವನೇ ಬಂದು ಒಂದೊಂದೇ ಮಾತು ಆಡತೊಡಗಿದ.

ಈಗಲೂ ನಮ್ಮ ಶಾಲೆಯಲ್ಲಿ ತಡವಾಗಿ ಬಂದವರು ಚೀಟಿ ತರಬೇಕು. ನಿಯಮ ಬದಲಾಗಿಲ್ಲ, ಬದಲಾಯಿಸುವುದು ನನ್ನ ಕೈಯಲ್ಲೂ ಇಲ್ಲ. ಆದರೆ ಬಾಗಿಲಲ್ಲಿ ಬಂದು ನಿಂತವರನ್ನು ನಾನು ಮೊದಲು ಕೇಳುವುದು ಚೀಟಿಯನ್ನಲ್ಲ. “ತಿಂಡಿ ಆಯ್ತೇನೋ?” ಎಂದು ಕೇಳುತ್ತೇನೆ.